ಅರಗು ಮೆತ್ತಿದ ಹರವಿ

ಹಿರಿಯ ನಟಿ ಸ್ಲೇಟನ್ನು ಎಂಜಿನಿಯರನ ಮುಖದ ಮುಂದೆ ಹಿಡಿದಳು. ಸೀಮೆಸುಣ್ಣದ ಅಕ್ಷರಗಳು ದುಂಡಗೆ, ಸ್ಪಷ್ಟವಾಗಿದ್ದವು.

‘ಅರಗು ಮೆತ್ತಿದ ಹರವಿಯನ್ನು ತೆರೆಯಬೇಡಿ. ತೆರೆದರೂ ಅದರೊಳಗೆ ಮಾತಾಡಬೇಡಿ.’

ಓದಿದವನು ನಕ್ಕುಬಿಟ್ಟ. “ಯಾಕಮ್ಮಾ, ಮಾತಾಡಿದ್ರೆ ಕಚ್ಚುತ್ತಾ?”

ಆಕೆ ಅವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಶಾಲಿನ ತುದಿಯಿಂದ ಅಕ್ಷರಗಳನ್ನು ಒರೆಸಿದಳು. ಮತ್ತೆ ಬರೆಯಲಿಲ್ಲ.

ಒಂದು ಕಾಲಕ್ಕೆ ಆಕೆಯ ದನಿ ಕೊನೆಯ ಸಾಲಿನಲ್ಲಿ ಕೂತವರನ್ನೂ ಅಳಿಸುತ್ತಿತ್ತಂತೆ. ಒಂದು ಸಂಜೆ ರಂಗದ ಮೇಲೆ ಬಾಯಿ ತೆರೆದವಳಿಗೆ ದನಿ ಬರಲಿಲ್ಲ. ಪಿಸುಮಾತು ಕೂಡ ಉಳಿಯಲಿಲ್ಲ. ವೈದ್ಯರು ಗಂಟಲಲ್ಲಿ ಏನೂ ದೋಷವಿಲ್ಲ ಎಂದರು. ನಾಟಕಗಳು ನಿಂತವು, ರಂಗಮಂದಿರಕ್ಕೆ ಬೀಗ ಬಿತ್ತು, ಬಾವಲಿಗಳು ಬಂದು ಬಾಲ್ಕನಿ ಹಿಡಿದವು. ಈಗ ಅದರ ದುರಸ್ತಿಗೆಂದು ಆಕೆ ತನ್ನ ಮನೆಯನ್ನೇ ಮಾರಿ, ಬಣ್ಣ ಹಚ್ಚುವ ಕೋಣೆಯಲ್ಲಿ ಒಂದು ಚಾಪೆ ಹಾಸಿಕೊಂಡಿದ್ದಳು. ಪ್ರತಿಯಾಗಿ ಕೇಳಿದ್ದು ಒಂದೇ: ದನಿಯ ವಿದ್ಯೆ ಕಲಿತವರೊಬ್ಬರನ್ನು ಕರೆಸಬೇಕು.

ಹಾಗೆ ಬಂದವನು ಈ ಎಂಜಿನಿಯರ. ಬಂದವನೇ ರಂಗದ ಹಲಗೆಗಳನ್ನು ಎತ್ತಿಸಿ ಬೆರಗಾಗಿದ್ದ. ಕೆಳಗಿನ ತಗ್ಗು ಕೋಣೆಯಲ್ಲಿ, ಕುತ್ತಿಗೆಯವರೆಗೂ ಹೂತ ದೊಡ್ಡ ದೊಡ್ಡ ಮಣ್ಣಿನ ಹರವಿಗಳ ಸಾಲು. ಬಾಯಿ ಮೇಲೆ ಮಾಡಿಕೊಂಡು ನಟರ ಮಾತನ್ನು ನುಂಗಿ, ತುಂಬಿಸಿ, ಹಿಂದಿನ ಗೋಡೆಯವರೆಗೆ ದಾಟಿಸಲು ಹಳಬರು ಮಾಡಿದ ಉಪಾಯ ಅದು. ನಡುವಿನ ಒಂದು ಹರವಿಗೆ ಮಾತ್ರ ಬಟ್ಟೆ ಬಿಗಿದು, ಕಪ್ಪು ದಾರ ಸುತ್ತಿ, ದಪ್ಪಗೆ ಅರಗು ಮೆತ್ತಿತ್ತು. ಅರಗಿನ ತುಂಬ ತುಕ್ಕು ಹಿಡಿದ ಮೊಳೆಗಳು.

“ಈ ಮಂದಿರ ಕಟ್ಟಿಸಿದ ಯಜಮಾನ ಮಾಟ ಮಾಡಿಸಿದ್ದಂತೆ ಸಾರ್,” ಎಂದಿದ್ದ ಬಡಗಿ ಮೇಸ್ತ್ರಿ. “ಇಲ್ಲಿ ದನಿಗೆ ಯಾವತ್ತೂ ಬರ ಬರಬಾರದು ಅಂತ. ಅದರ ಹೊಟ್ಟೇಲಿ ಒಂದು ದನಿ ಇದ್ದೇ ಇರಬೇಕಂತೆ. ಒಡೆದ್ರೆ ಒಳಗಿರೋದು ಸತ್ತುಹೋಗುತ್ತೆ. ಇನ್ನೊಂದು ಒಳಗೆ ಹೋದ್ರೆ ಮಾತ್ರ ಅದು ಹೊರಗೆ ಬರೋದು.”

“ಮೊದಲೇ ಹೇಳಬಾರದಾ ಮೇಸ್ತ್ರಿ? ನಮ್ಮ ಅತ್ತೆಯವರನ್ನ ಕರ್ಕೊಂಡು ಬರ್ತಿದ್ದೆ. ಈಗ ಕರೆದ್ರೆ ಬರಲ್ಲ.”

ಮೇಸ್ತ್ರಿ ಗೊಳ್ಳೆಂದು ನಕ್ಕ. ನಕ್ಕವನ ಕಣ್ಣು ಕೊನೆಯ ಸಾಲಿನ ಕಡೆ ಹೋಯಿತು. ಅಲ್ಲಿ ಆಕೆ ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವನ ನಗು ಅರ್ಧಕ್ಕೇ ನಿಂತಿತು.

ಅತ್ತೆಯ ಮಾತು ತಮಾಷೆಯಾದರೂ ಸುಳ್ಳಲ್ಲ. ಹೆಂಡತಿ ಬೇರೆಯಾಗಿ, ಮಗಳನ್ನೂ ಕರೆದುಕೊಂಡು ತಾಯಿಯ ಮನೆಗೆ ಹೋಗಿದ್ದಳು. ಎಂಜಿನಿಯರನಿಗೆ ಉಳಿದದ್ದು ಸಂಜೆಯ ಒಂದು ಫೋನು. ಮಗಳು ಗುಬ್ಬಿಗೆ ಇನ್ನೂ ಓದಲು ಬಾರದು. ಅಪ್ಪ ಎಂದರೆ ಅವಳ ಪಾಲಿಗೆ ಕಿವಿಗೆ ಬೀಳುವ ಒಂದು ದನಿ, ಆ ದನಿ ಹೇಳುವ ಅಳಿಲಿನ ಕತೆ. ದಿನವೂ ಅಳಿಲನ್ನು ಯಾವುದೋ ಫಜೀತಿಗೆ ಸಿಕ್ಕಿಸಿ ಅವನು ಕತೆ ನಿಲ್ಲಿಸುತ್ತಿದ್ದ. “ಆಮೇಲೆ ಅಪ್ಪಾ?” ಎಂದು ಅವಳು ಕೇಳುವುದಕ್ಕಾಗಿಯೇ ಅವನ ಮಿಕ್ಕ ದಿನವೆಲ್ಲ ಕಳೆಯುತ್ತಿತ್ತು.

ಹರವಿಗಳ ಅಳತೆ ಮುಗಿಯುತ್ತ ಬಂದಾಗ ದೋಷ ಕಾಣಿಸಿತು. ಮನುಷ್ಯರು ಮಾತಾಡುವ ಶ್ರುತಿಯಲ್ಲೇ ಸಭಾಂಗಣದ ಶಬ್ದದ ನಕ್ಷೆಯಲ್ಲಿ ಗುಂಡಿ ಬಿದ್ದಿತ್ತು, ಅಲ್ಲಿ ದನಿ ಕುಗ್ಗುತ್ತಿತ್ತು. ಕಾರಣ ಆ ಮುಚ್ಚಿದ ಹರವಿ. ಸಂಜೆಯಾಗುವ ಹೊತ್ತು, ಕೆಲಸದವರು ಚಹಾಕ್ಕೆ ಹೋಗಿದ್ದಾಗ, ಅವನು ಉಳಿ ಹಿಡಿದು ಕೆಳಗಿಳಿದ. ಅರಗು ಗಾಜಿನಂತೆ ಚಕ್ಕೆ ಎದ್ದಿತು. ದಾರ ಮುಟ್ಟಿದ ಕೂಡಲೆ ಪುಡಿಯಾಯಿತು. ಬಟ್ಟೆ ತೆಗೆದಾಗ ಬಂದ ವಾಸನೆಗೆ ಅವನು ಅರೆಕ್ಷಣ ತಡೆದ. ಹಳೆಯ ಮಣ್ಣಿನ ವಾಸನೆಯಲ್ಲ. ಬೆಚ್ಚಗಿನ, ಆಗತಾನೆ ಯಾರೋ ಬಿಟ್ಟ ಉಸಿರಿನ ವಾಸನೆ.

ಶಬ್ದ ಹೊರಡಿಸುವ ಅವನ ಪೆಟ್ಟಿಗೆ ಆ ಕಿರಿದಾದ ಕತ್ತಿನೊಳಗೆ ಇಳಿಯಲಿಲ್ಲ. ಅಂಥ ಹೊತ್ತಿನಲ್ಲಿ ಅವನ ಕಸುಬಿನವರು ತಮ್ಮ ಗಂಟಲನ್ನೇ ಉಪಕರಣ ಮಾಡಿಕೊಳ್ಳುತ್ತಾರೆ. ಬಾಗಿ, ಕೆಳಗಿನ ಸ್ವರದಿಂದ ಮೇಲಕ್ಕೆ ಗುನುಗುತ್ತ ಹೋದ. ಒಂದು ಸ್ವರಕ್ಕೆ ಹರವಿ ಗುಂಯ್ ಎಂದಿತು. ಗುರುತಿಸಿಕೊಂಡ. ಕೆಲಸ ಅಲ್ಲಿಗೆ ಮುಗಿಯಿತು.

ಎದ್ದು ಬರಬಹುದಿತ್ತು. ಆದರೆ ಆ ಗುಂಯ್‌ಗುಡುವಿಕೆ ಎಷ್ಟು ಹತ್ತಿರವಾಗಿತ್ತೆಂದರೆ, ಯಾರೋ ಮೈಯೆಲ್ಲ ಕಿವಿಯಾಗಿ ಅವನನ್ನು ಕೇಳುತ್ತಿರುವಂತಿತ್ತು. ಸಂಜೆಯ ಫೋನಿನ ಹೊರತು ಅವನ ಮಾತನ್ನು ಹಾಗೆ ಕೇಳಿದವರಿರಲಿಲ್ಲ. ನಾಚುತ್ತಲೇ, ಅವತ್ತು ಹೇಳಬೇಕಿದ್ದ ಕತೆಯನ್ನು ಒಮ್ಮೆ ಹೇಳಿ ನೋಡಿದ.

“ಗುಬ್ಬೀ, ಕೇಳು. ಅಳಿಲು ಪೊಟರೆಯೊಳಗೆ ಇಣುಕಿತು. ಒಳಗೆ ಕತ್ತಲೆ. ಆಗ…”

“ಆಮೇಲೆ?” ಎಂದಿತು ಹರವಿ.

ಹೆಣ್ಣು ದನಿ.

ಅವನು ಹಿಂದಕ್ಕೆ ಜಿಗಿದ. ತಲೆ ತೊಲೆಗೆ ಬಡಿಯಿತು. ಟಾರ್ಚು ಬಿದ್ದು ಆರಿತು. ಕತ್ತಲು. ಹರವಿ ಉಸಿರೆಳೆದುಕೊಂಡಿತು. ನೀಳವಾಗಿ. ಅವನ ಎದೆಯ ಗಾಳಿಯೆಲ್ಲ ಆ ಕಡೆ ಜಗ್ಗಿತು. ನಾಲಗೆಯ ಬುಡದಿಂದ ಏನೋ ಕಿತ್ತಂತಾಯಿತು. ನೋವಿಲ್ಲ. ನೂಲು ಜಾರಿದ ಹಾಗೆ. ಮೇಸ್ತ್ರೀ ಎಂದು ಕೂಗಿದ. ಕೂಗಲಿಲ್ಲ. ಮತ್ತೆ ಕೂಗಿದ. ತುಟಿ ಆಡಿತು. ಅಷ್ಟೇ.

ಮೇಲೆ ಹಲಗೆ ಕಿರುಗುಟ್ಟಿತು. ಹೆಜ್ಜೆಗಳು. ಯಾರೋ ಅಳುತ್ತಿದ್ದರು. ದನಿ ತೆಗೆದು, ಇಡೀ ರಂಗಮಂದಿರ ತುಂಬುವಂತೆ ಅಳುತ್ತಿದ್ದರು.

ತೆರೆದ ಹಲಗೆಯ ಬೆಳಕಿನಲ್ಲಿ ಆಕೆಯ ಮುಖ ಕಾಣಿಸಿತು. ಸುಕ್ಕುಗಟ್ಟಿದ ಮುಖ, ಹರೆಯದ ದನಿ.

“ಎಚ್ಚರಿಸದೆ ಕಳಿಸಿದರೆ, ಬಂದವರ ದನಿಯನ್ನ ಅದು ಮುಟ್ಟಲ್ಲಪ್ಪ. ಒಂದು ಸಲ ಹೇಳಲೇಬೇಕು. ನಾನು ಹೇಳಿದ್ದೆ.” ಆಕೆ ಬಿಕ್ಕಿದಳು. “ಎರಡನೇ ಸಲ ಹೇಳೋಕೆ ನನ್ನ ಕೈಲಾಗಲಿಲ್ಲ. ನನಗೂ ಒಬ್ಬಳು ಹೇಳಿದ್ದಳು. ನಾನೂ ನಕ್ಕು, ಆ ಸಂಜೆ ರಂಗ ಹತ್ತೋ ಮುಂಚೆ ಇದರೊಳಗೆ ಮಾತಾಡಿದ್ದೆ.”

ಆಗಲೇ ಅವನ ಕಿಸೆಯಲ್ಲಿ ಫೋನು ಸದ್ದು ಮಾಡಿತು.

“ಅಪ್ಪಾ, ಪೊಟರೆಯೊಳಗೆ ಏನಿತ್ತು?”

ಅವನು ಬಾಯಿ ತೆರೆದ.

“ಅಪ್ಪಾ? ಆಟ ಆಡ್ತಿದ್ದೀಯಾ?” ಗುಬ್ಬಿ ಕಿಲಕಿಲ ನಕ್ಕಳು. ಅವನು ಫೋನಿನ ಮೇಲೆ ಬೆರಳಿನಿಂದ ತಟ್ಟಿದ. ತಟ್ಟುತ್ತಲೇ ಇದ್ದ. ನಗು ಸಣ್ಣದಾಯಿತು. “ಮಾತಾಡಪ್ಪಾ… ಅಮ್ಮಾ, ಅಪ್ಪ ಮಾತಾಡ್ತಿಲ್ಲ.”

ಹರವಿಗೆ ಹೊಸ ಅರಗು ಮೆತ್ತಿದವಳು ಆ ನಟಿಯೇ. ದುರಸ್ತಿಯಾದ ಮಂದಿರದಲ್ಲಿ ಮೊದಲ ನಾಟಕ ಆಕೆಯದೇ ಆಯಿತು. ಕೊನೆಯ ಸಾಲಿನವರೂ ಅತ್ತರು. ಆಮೇಲೆ ಬೇರೆ ಊರುಗಳ ರಂಗ ಕರೆಯಿತು. ಹೊರಡುವಾಗ ಆಕೆ ಸ್ಲೇಟನ್ನು ಅವನ ಮಡಿಲಿಗಿಟ್ಟಳು.

ಅವನು ಅಲ್ಲೇ ಉಳಿದ. ಸಂಜೆಯ ಫೋನು ಮೊದಮೊದಲು ದಿನ ಬಿಟ್ಟು ದಿನ, ಆಮೇಲೆ ಯಾವಾಗಲೋ ಒಮ್ಮೆ ಬರುತ್ತಿತ್ತು. ಕೊನೆಗೆ ಬರಲೇ ಇಲ್ಲ. ಜನ ಖಾಲಿಯಾದ ಸಭಾಂಗಣದಲ್ಲಿ ಕಿವಿಗೊಟ್ಟರೆ ಹಲಗೆಯ ಕೆಳಗಿನಿಂದ ತನ್ನದೇ ದನಿ ಯಾರಿಗೋ ಹೇಳುತ್ತಿರುತ್ತಿತ್ತು: ಅಳಿಲು ಪೊಟರೆಯೊಳಗೆ ಇಣುಕಿತು. ಒಳಗೆ ಕತ್ತಲೆ.

ಒಂದು ದಿನ ಬೆಳಕಿನ ಕೆಲಸದವಳೊಬ್ಬಳು ಬಂದಳು. ರಂಗದ ಕೆಳಗೆ ತಂತಿ ಎಳೆಯಬೇಕಿತ್ತು. ಕೆಲಸ ಮಾಡುತ್ತಲೇ ಹಾಡು ಗುನುಗುವ ಹುಡುಗಿ. ಕೈ ನಿಂತರೂ ಹಾಡು ನಿಲ್ಲದು. ಅವನು ಕೊನೆಯ ಸಾಲಿನಿಂದ ಎದ್ದು ಬಂದ. ಸ್ಲೇಟಿನ ಮೇಲೆ ದುಂಡಗೆ, ಸ್ಪಷ್ಟವಾಗಿ ಬರೆದು ಅವಳ ಮುಂದೆ ಹಿಡಿದ.

ಅವಳು ಓದಿದಳು. ಹುಬ್ಬೇರಿಸಿದಳು. “ಅಂಕಲ್, ನೀವು ಓದಿದವರಲ್ವಾ? ಇದನ್ನೆಲ್ಲ ನಂಬ್ತೀರಾ?” ಎಂದು ನಕ್ಕುಬಿಟ್ಟಳು.

ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಸೀಮೆಸುಣ್ಣ ಇನ್ನೂ ಬೆರಳಿನಲ್ಲೇ ಇತ್ತು. ಕೆಳಗೆಲ್ಲೋ ದೂರದಲ್ಲಿ, ಅವನ ದನಿ ಅವನ ಮಗಳನ್ನು ಕರೆಯುತ್ತಿತ್ತು.

ತೋಳಿನಿಂದ ಸ್ಲೇಟನ್ನು ಒರೆಸಿದ. ಮತ್ತೆ ಬರೆಯಲಿಲ್ಲ.