ನಮ್ಮಪ್ಪನ್ನ ಗೆಲ್ಲಿಸಿ

ಜಗಳಕ್ಕೆ ಹೊರಟವಳು ಕನ್ನಡಿ ನೋಡಿಕೊಳ್ಳಬಾರದು. ಇಂದು ಎಂಬ ಈ ಹುಡುಗಿ ನೋಡಿಕೊಂಡೇ ಹೊರಟಿದ್ದಳು. ಹಾಡಿನ ಆಲ್ಬಮ್ಮಿನ ವೆಬ್‌ಪುಟದಲ್ಲಿದ್ದ ವಿಳಾಸ ಹಿಡಿದು, ಸಿಂಗಾಪುರ ಬಡಾವಣೆಯ ಆ ಮನೆಯ ಮೆಟ್ಟಿಲು ಹತ್ತುತ್ತ ಬೈಗುಳಗಳನ್ನೆಲ್ಲ ಒಪ್ಪವಾಗಿ ಜೋಡಿಸಿಕೊಂಡಳು.

ಬಾಗಿಲು ತೆರೆದವನ ಕುತ್ತಿಗೆಯಲ್ಲಿ ಹೆಡ್‌ಫೋನ್, ಕೈಯಲ್ಲಿ ಅರ್ಧ ತಿಂದ ಬನ್ನು.

"ಗುರುಚರಣ್ ಅಂದ್ರೆ ನೀವೇನಾ? ಆ ಆಲ್ಬಮ್ ಮಾಡಿರೋದು?"

ಅವನು ಬನ್ನು ಮರೆತು ಕಣ್ಣರಳಿಸಿ ನಿಂತ. "ಇನ್ನೊಂದ್ಸಲ ಮಾತಾಡಿ, ಪ್ಲೀಸ್."

"ಏನು?"

"ನೀವು... ಹೊಲಿಗೆ ಯಂತ್ರ!"

ಹುಡುಗಿಯನ್ನು ಮೊದಲ ಭೇಟಿಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಆದರೆ ಇಂದುವಿಗೆ ಅರ್ಥವಾಯಿತು. ಮುಖ ಕೆಂಪಾಯಿತು.

ಹೋದ ಚುನಾವಣೆಯಲ್ಲಿ ಅವಳ ಅಪ್ಪ ಅನಂತರಾಜು ಬ್ಯಾಟರಾಯನಪುರದಿಂದ ಪಕ್ಷೇತರರಾಗಿ ನಿಂತಿದ್ದರು. ಗುರುತು ಹೊಲಿಗೆ ಯಂತ್ರ. ಕೊಡಿಗೇಹಳ್ಳಿಯ ಹಳೇ ಒಕ್ಕಲು ಮನೆತನ. ಕೆರೆಗೆ ಚರಂಡಿ ನೀರು ಬಿಡಬಾರದು ಎನ್ನುವುದೊಂದೇ ಅವರ ಪ್ರಣಾಳಿಕೆ. ಪ್ರಚಾರದ ಆಟೋಗೆ ದನಿ ಕೊಟ್ಟವಳು ಇಂದು. ದಿನವೆಲ್ಲ ರೆಕಾರ್ಡ್ ಮಾಡಿ ಸುಸ್ತಾಗಿ, ಕೊನೆಯ ಸಾಲಿನಲ್ಲಿ 'ಅನಂತರಾಜು ಅವರನ್ನು ಗೆಲ್ಲಿಸಿ' ಎನ್ನುವ ಬದಲು 'ದಯವಿಟ್ಟು ನಮ್ಮಪ್ಪನ್ನ ಗೆಲ್ಲಿಸಿ' ಎಂದುಬಿಟ್ಟಿದ್ದಳು. ಯಾರೂ ಗಮನಿಸಲಿಲ್ಲ. ಬಹಿರಂಗ ಪ್ರಚಾರದ ಕೊನೆಯ ದಿನ ಆಟೋ ಅದನ್ನೇ ಬೀದಿ ಬೀದಿಯಲ್ಲಿ ಕೂಗಿಕೊಂಡು ತಿರುಗಿತು. ಕ್ಷೇತ್ರವೆಲ್ಲ ನಕ್ಕಿತು. ಅಪ್ಪನ ಠೇವಣಿಯೂ ಹೋಯಿತು. ಎಲ್ಲ ತನ್ನಿಂದಲೇ ಎಂದು ಇಂದು ಅತ್ತಿದ್ದೇ ಅತ್ತಿದ್ದು. ಅಪ್ಪ ಎಷ್ಟೋ ತಿಂಗಳು ಹೊರಗೇ ಬರಲಿಲ್ಲ. ಈಚೆಗಷ್ಟೇ ಸ್ಕೂಟರ್ ಹತ್ತಿ "ಗಾಳಿಗೋಗ್ ಬತ್ತೀನಿ" ಎನ್ನತೊಡಗಿದ್ದರು.

ಅಷ್ಟರಲ್ಲಿ ಈ ಆಲ್ಬಮ್. ಹೆಸರು 'ಮಾದರಿ ನೀತಿ ಸಂಹಿತೆ'. ಮೈಕಿನ ಕಿರುಚಾಟ, ನಾಯಕರ ಭರವಸೆಗಳು, ಅದರ ಕೆಳಗೆ ಕಂಪ್ಯೂಟರಿನ ಧಿಮಿಧಿಮಿ. ಹೆಬ್ಬಾಳದ ಆಫೀಸಿನಲ್ಲಿ ಊಟದ ಹೊತ್ತಿಗೆ ಯಾರೋ ಅದನ್ನು ಹಾಕಿದರು. ಅವಳದೆಂದು ಗೊತ್ತಿಲ್ಲದೆ, ಅವಳ ದನಿಗೇ ಎಲ್ಲರೂ ತಲೆಯಾಡಿಸುವುದನ್ನು ನೋಡಿ ಇಂದು ಊಟದ ಡಬ್ಬಿ ಮುಚ್ಚಿ ಎದ್ದುಬಿಟ್ಟಳು.

"ಆ ಹಾಡು ಇವತ್ತೇ ತೆಗೀಬೇಕು," ಎಂದಳು. "ನಮ್ಮಪ್ಪ ಈಗಷ್ಟೇ ತಲೆ ಎತ್ಕೊಂಡು ಓಡಾಡ್ತಿದಾರೆ. ಇದು ಅವರ ಕಿವಿಗೆ ಬಿದ್ರೆ ಮತ್ತೆ ಬಾಗಿಲು ಹಾಕ್ಕೊಂಡ್ಬಿಡ್ತಾರೆ. ನಿಮಗೇನು, ತಮಾಷೆ."

"ತಮಾಷೆ ಅಲ್ಲ ಕಣ್ರೀ. ನಿಮ್ಮ ಆಟೋ ನಮ್ಮನೆ ಕೆಳಗೆ ನಿಂತಾಗ ಟೆರೇಸ್ ಮೇಲಿಂದ ರೆಕಾರ್ಡ್ ಮಾಡ್ಕೊಂಡೆ. ದೊಡ್ಡ ದೊಡ್ಡವರ ಮಾತೆಲ್ಲ ಚೂರು ಚೂರು ಮಾಡಿ ಹಾಕಿದೀನಿ. ನಿಮ್ಮದನ್ನ ಕತ್ತರಿಸೋಕೆ ಕೈ ಬರ್ಲಿಲ್ಲ. ಇಡೀ ಎಲೆಕ್ಷನ್‌ನಲ್ಲಿ ನಾನು ನಂಬಿದ್ದು ಅದೊಂದೇ ಮಾತು." ಅವನು ಬನ್ನು ಕೆಳಗಿಟ್ಟ. "ನೀವು ಬೇಡ ಅಂದ್ರೆ ಈಗ್ಲೇ ತೆಗೀತೀನಿ."

ನಿಜವಾಗಿಯೂ ಲ್ಯಾಪ್‌ಟಾಪ್ ಮುಂದೆ ಕುಳಿತ. ಇಷ್ಟು ಸಲೀಸಾಗಿ ಒಪ್ಪಿಕೊಂಡರೆ ಜೋಡಿಸಿಕೊಂಡು ಬಂದ ಬೈಗುಳಗಳ ಗತಿಯೇನು? ಇಂದುವಿಗೆ ಸ್ವಲ್ಪ ನಿರಾಸೆಯೇ ಆಯಿತು.

ಆಗ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. "ಗುರುಚರಣಪ್ಪಾ, ಕಡ್ಲೆಪುರಿ ತಂದಿವ್ನಿ," ಎನ್ನುತ್ತ ಒಳಗೆ ಕಾಲಿಟ್ಟ ಅನಂತರಾಜು, ಮಗಳನ್ನು ಕಂಡು ಅಲ್ಲೇ ನಿಂತರು.

"ಅಪ್ಪಾ! ನೀನಿಲ್ಲಿ?"

"ಗಾಳಿಗ್ ಬಂದೆ ಕಣವ್ವಾ." ಸಿಕ್ಕಿಬಿದ್ದವರ ಹಾಗೆ ತಲೆ ಕೆರೆದುಕೊಂಡರು. "ಈ ಹಾಡ್ ಮಾಡೋಕ್ ಮುಂಚೆ ಇವ್ರು ಮನೆಗ್ ಬಂದು ಕೇಳಿದ್ರು. ನೀನು ಆಫೀಸ್‌ಗೋಗಿದ್ದೆ. ಆಟೋದಾಗಿರಾದು ನನ್ನೆಸ್ರು ಅಲ್ವಾ, ಊಂ ಅಂದೆ. ನಿಂಗೇಳಿದ್ರೆ ಮತ್ತೆ ಅಳ್ತಾ ಕೂತ್ಕಂತೀಯ ಅಂತ ಏಳ್ಲಿಲ್ಲ. ನಾನಿಲ್ಲಿಗ್ ಬರಾದ್ನ ಯಾರ್ಗೂ ಏಳ್ಬ್ಯಾಡಿ ಅಂತ ಇವ್ರ್ಗೂ ಅಂದಿದ್ದೆ."

"ನಿನಗೆ ಅವಮಾನ ಆಗುತ್ತೆ ಅಂತ ನಾನು..."

"ಅವಮಾನ ಯಾತುಕ್ಕೆ? ಜನ ಓಟಾಕ್ಲಿಲ್ಲ, ಇರ್ಲಿ. ಮಗ್ಳು ನನಗೋಸ್ಕರ ಇಂಗೆ ಕೇಳ್ಕಂಡ್ಲಲ್ಲ, ಆ ಭಾಗ್ಯ ಯಾವ ಎಮ್ಮೆಲ್ಲೆಗೈತೆ?"

ಅಷ್ಟು ಹೇಳಿ, ಗುರುಚರಣನ ಕುತ್ತಿಗೆಯಿಂದ ಹೆಡ್‌ಫೋನ್ ತೆಗೆದು ತಮ್ಮ ಕಿವಿಗೆ ಹಾಕಿಕೊಂಡು, ತಮ್ಮ ಮಾಮೂಲಿ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ಹಾಡು ಶುರುವಾಯಿತು. ಅವರ ಮೊಣಕಾಲು ತಾಳ ಹಾಕತೊಡಗಿತು. ಇಂದುವಿಗೆ ಎದೆಯ ಮೇಲಿನ ಭಾರ ಇಳಿದು ಕಣ್ಣು ತುಂಬಿತು.

"ತೆಗೀಬೇಡಿ," ಎಂದಳು ಗುರುಚರಣನಿಗೆ. ಕಣ್ಣೊರೆಸಿಕೊಂಡ ಮೇಲೆ ಹುಬ್ಬು ಗಂಟಿಕ್ಕಿದಳು. "ಆದ್ರೆ ದನಿ ನಂದು. ನನ್ನ ಯಾಕೆ ಕೇಳ್ಲಿಲ್ಲ?"

"ನೀವು ಮನೇಲಿರ್ತೀರ ಅಂತ ಎರಡು ಭಾನುವಾರ ಬಂದೆ. ಗೇಟ್ ಹತ್ರಾನೇ ವಾಪಸ್ ಹೋದೆ."

"ಯಾಕೆ?"

"ಪರ್ಮಿಷನ್ ಕೇಳೋಕೆ ಬಂದು ಬೇರೇನೋ ಕೇಳ್ಬಿಡ್ತೀನಿ ಅಂತ ಭಯ."

"ಬೇರೇನು?"

ಅವನು ಓರೆಗಣ್ಣಲ್ಲಿ ಅನಂತರಾಜು ಅವರನ್ನು ನೋಡಿದ. ಕಿವಿ ಕೆಂಪಗಾಗಿತ್ತು. ಇಂದು ಬಗ್ಗಿ, ಮೇಜಿನ ಮೇಲಿದ್ದ ಹೆಡ್‌ಫೋನಿನ ವಾಲ್ಯೂಮ್ ಗುಂಡಿಯನ್ನು ಮೆಲ್ಲಗೆ ಬಲಕ್ಕೆ ತಿರುಗಿಸಿದಳು. ಅಪ್ಪನ ಮೊಣಕಾಲು ಇನ್ನೂ ಜೋರಾಯಿತು.

"ಈಗ ಹೇಳಿ."

"ತಿಂಗಳುಗಟ್ಲೆ ನಿಮ್ಮ ದನಿ ಜೊತೇನೇ ಇದ್ದೆ. ಮುಖ ನೋಡೋಕ್ಮುಂಚೆನೇ ನೀವು ಇಷ್ಟ ಆಗ್ಬಿಟ್ರಿ ಕಣ್ರೀ. ನೋಡಿದ್ಮೇಲೆ ಇನ್ನೂ ಕಷ್ಟ ಆಗಿದೆ."

ಇಂದು ಕಡಲೆಪುರಿಯ ಪೊಟ್ಟಣ ಬಿಚ್ಚಿ ಒಂದು ಹಿಡಿ ಅವನ ಕೈಗೆ ಸುರಿದಳು. ನಗು ತಡೆಯಲು ನೋಡಿದಳು, ಆಗಲಿಲ್ಲ.

"ಈ ಸಲ ಬಂದಾಗ," ಎಂದಳು, "ಗೇಟ್ ತೆಗೆದು ಒಳಗೆ ಬನ್ನಿ."