ಖಾಲಿ ದ್ರಾವಣದಲ್ಲಿ ಎದ್ದ ಗೆರೆ

ಮಧುರೈಯ ಅಪರಾಧ ಪತ್ತೆ ಪ್ರಯೋಗಾಲಯದಲ್ಲಿ ಕಯಲ್ವಿಳಿ ಅಕ್ಕ ಮತ್ತು ನಾನು ಆರು ವರ್ಷ ಒಂದೇ ಯಂತ್ರದ ಮುಂದೆ ಕೂತವರು. ಸತ್ತವರ ಹೊಟ್ಟೆಯಲ್ಲಿದ್ದುದನ್ನು ಅದು ಬಿಡಿಬಿಡಿಯಾಗಿ ಬೇರ್ಪಡಿಸಿ, ಒಂದೊಂದನ್ನೂ ತೂಗಿ ಹೆಸರು ಹೇಳುತ್ತದೆ. ಅಕ್ಕನಿಗೆ ಸದಾ ತಲೆನೋವು, ಹಣೆಗೆ ಸದಾ ಮುಲಾಮು.

"ಅಕ್ಕಾ, ಯಂತ್ರಕ್ಕೂ ಒಂಚೂರು ಹಚ್ಚು, ಪಾಪ."

"ಅದಕ್ಕೇನು ಗಂಡ ಇದಾನೇನೋ, ತಲೆ ನೋಯೋಕೆ?"

ಚಿತ್ತಿರೈ ತಿಂಗಳಲ್ಲಿ ಅವಳು ತೀರಿಕೊಂಡಳು. ಎದೆನೋವು ಎಂದ ಗಂಡ. ಅವಳ ಅಪ್ಪ ನಂಬದೆ ದೂರು ಕೊಟ್ಟರು.

ಮುಂದೊಂದು ಬೆಳಿಗ್ಗೆ, ಅರಗಿನ ಮುದ್ರೆ ಒತ್ತಿ ಬರೀ ಸಂಖ್ಯೆ ಬರೆದ ಜಾಡಿಯೊಂದು ನನ್ನ ಪಾಲಿಗೆ ಬಂತು. ಯಂತ್ರದಲ್ಲಿ ಹಳೆಯದೇನೂ ಉಳಿದಿಲ್ಲವೆಂದು ಖಾತ್ರಿಯಾಗಲು, ರೂಢಿಯಂತೆ ಮೊದಲು ಶುದ್ಧ ದ್ರಾವಣವನ್ನಷ್ಟೇ ಅದಕ್ಕೆ ಹಾಯಿಸಿದೆ. ಅಚ್ಚಾಗಿ ಬರುವ ಹಾಳೆಯ ಮೇಲೆ ಮಟ್ಟಸವಾಗಿ ಹೋಗಬೇಕಿದ್ದ ಗೆರೆ ಒಂಬತ್ತನೇ ನಿಮಿಷಕ್ಕೆ ಎದ್ದು ನಿಂತಿತು. ಮೆಂಥಾಲ್ ಎಂದಿತು ಯಂತ್ರ, ಮುಲಾಮಿನ ಸತ್ವ. ಸೂಜಿ ಬದಲಿಸಿದೆ, ಹೊಸ ಬಾಟಲಿ ತೆರೆದೆ. ಮೂರು ಸಲವೂ ಅದೇ ನಿಮಿಷ, ಅದೇ ಎತ್ತರ. ಕೋಣೆಯಲ್ಲಿ ವಾಸನೆಯೇನೂ ಇರಲಿಲ್ಲ. ನನ್ನ ಹಣೆ ಮಾತ್ರ ತಣ್ಣಗಾಗಿತ್ತು.

ನಾಲ್ಕನೇ ಸಲ ಗೆರೆ ಮಲಗಿತು. ಆಮೇಲೆ ಜಾಡಿ ತೆರೆದೆ, ಕೀಟನಾಶಕ ಸಿಕ್ಕಿತು.

ವರದಿ ಒಯ್ಯಲು ಬಂದ ಇನ್ಸ್‌ಪೆಕ್ಟರ್ ಹೇಳಿದ ಮೇಲೇ ಅದು ಅಕ್ಕನ ಜಾಡಿಯೆಂದು ತಿಳಿದದ್ದು. ಹೊರಗೆ ನಿಂತಿದ್ದ ಅವಳಪ್ಪ ನನ್ನ ಕೈ ಹಿಡಿದರು.

"ತಂಬಿ, ನನ್ನ ಮಗಳು ತುಂಬಾ ನರಳಿದ್ಲಾ?"

"ಇಲ್ಲ ಅಯ್ಯಾ," ಎಂದು ಸುಳ್ಳು ಹೇಳಿದೆ.

ಆ ಮೂರು ಹಾಳೆಗಳು ಈಗಲೂ ಕಡತದಲ್ಲಿವೆ. ಅವುಗಳ ಮೇಲೆ ಅಚ್ಚಾಗಿರುವ ಸಮಯದಲ್ಲಿ ಜಾಡಿಯ ಅರಗಿನ ಮುದ್ರೆ ಒಡೆದಿರಲಿಲ್ಲ.