ಗೋಣಿ ಹೊದ್ದವನು

ಯಂತ್ರಕ್ಕೆ ಕಣ್ಣಿದೆ ಎಂದು ನಮ್ಮ ಗೋದಾಮಿನಲ್ಲಿ ಹೇಳಿದ್ದರು. ಮೂಟೆ ಎತ್ತುವ ಮೊದಲು ಅದು ಕಂಡದ್ದರ ಹೆಸರನ್ನು ಪರದೆಯ ಮೇಲೆ ಬರೆಯುತ್ತಿತ್ತು. ಒಂದು ದಿನ, ಬೆನ್ನಿಗೆ ಗೋಣಿ ಹೊದ್ದು ಬಗ್ಗಿದ್ದ ನನ್ನ ಭಾವನನ್ನು ‘ಮೂಟೆ’ ಎಂದು ಬರೆದು ಎತ್ತಿ ಒಗೆಯಿತು. ಭಾವ ಉಳಿಯಲಿಲ್ಲ.

ಪಕ್ಕದಲ್ಲೇ ಇದ್ದ ನನಗೆ ಮನುಷ್ಯನ ಆಕಾರ ಸ್ಪಷ್ಟವಾಗಿಯೇ ಕಂಡಿತ್ತು. ಆದರೂ ವಿಚಾರಣೆಯಲ್ಲಿ, ಕೆಲಸ ಉಳಿಯಲೆಂದು, “ನಂಗೂ ಮೂಟೆ ಥರಾನೇ ಕಾಣ್ತು ಸಾರ್” ಅಂದೆ.

ಮರುದಿನದಿಂದ, ಭಾವ ಹೊದ್ದಿದ್ದ ಗೋಣಿಯಲ್ಲೇ ತುಂಬಿದ್ದ ಒಂದು ಮೂಟೆಯ ಮುಂದೆ ಯಂತ್ರ ನಿಂತುಬಿಡತೊಡಗಿತು. ಪರದೆಯಲ್ಲಿ ‘ಮನುಷ್ಯ’.

“ಕ್ಯಾಮೆರಾ ಒರೆಸ್ರಯ್ಯಾ, ಧೂಳು ಕೂತಿರತ್ತೆ” ಎಂದರು ಮ್ಯಾನೇಜರ್.

ಒರೆಸಿದೆವು. ಮೂಟೆ ಬಿಚ್ಚಿ ಸುರಿದೆವು. ನೆಲಕ್ಕೆ ಹಾಸಿದ ಖಾಲಿ ಗೋಣಿಯೂ ‘ಮನುಷ್ಯ’ನೇ. ಮುಟ್ಟಿದರೆ ಬೆಚ್ಚಗಿತ್ತು.

ಇವತ್ತು ಮಧ್ಯಾಹ್ನ ಅದನ್ನು ಎತ್ತಿಡಲು ಹೋದೆ. ಮೈಮೇಲೆ ಬರೀ ಅಂಗಿ, ನೆಟ್ಟಗೆ ನಿಂತಿದ್ದೆ. ಯಂತ್ರ ನನ್ನತ್ತ ತಿರುಗಿತು. ಪರದೆಯಲ್ಲಿ ‘ಮೂಟೆ’ ಎಂದಿತ್ತು.